ಪಕ್ಕದ ಟೀಚರ ಮುಖ

ಆ ತರಗತಿಯಲ್ಲಿ ಒಂದೇ ಹೊತ್ತಿಗೆ ಇಬ್ಬರು ಪಾಠ ಮಾಡುತ್ತಿದ್ದರು. ಮೂವತ್ತೆರಡು ಮಕ್ಕಳ ಪೈಕಿ ನಾಲ್ವರಿಗೆ ಕಲಿಕೆ ಕಷ್ಟ. ಅವರನ್ನು ಬೇರೆ ಕೋಣೆಗೆ ಅಟ್ಟದೆ ಎಲ್ಲರ ನಡುವೆಯೇ ಕೂರಿಸಿ, ಒಬ್ಬರ ಬದಲು ಇಬ್ಬರು ಸೇರಿ ಕಲಿಸಬೇಕೆಂದು ಶಾಲೆ ತೀರ್ಮಾನಿಸಿತ್ತು. ಒಬ್ಬರು ಬೋರ್ಡಿನ ಮುಂದೆ ನಿಲ್ಲುವ ಮೇಷ್ಟ್ರು. ಇನ್ನೊಬ್ಬರು ಆ ನಾಲ್ವರ ಬಳಿ ಗಿಡ್ಡ ಸ್ಟೂಲು ಹಾಕಿಕೊಂಡು ಕೂರುವ ಟೀಚರ್. ಹಾಜರಿ ಪುಸ್ತಕದಲ್ಲಿ ಟೀಚರ ಹುದ್ದೆಗೆ ಮಾರುದ್ದದ ಹೆಸರಿತ್ತು, ಅದನ್ನು ಒಂದೇ ಉಸಿರಿಗೆ ಹೇಳಿ ಮುಗಿಸಿದವರನ್ನು ಯಾರೂ ಕಂಡಿಲ್ಲ. ಮಕ್ಕಳಿಗೆ ಆ ತಾಪತ್ರಯವಿರಲಿಲ್ಲ. ಬೋರ್ಡು ಮೇಷ್ಟ್ರು, ಪಕ್ಕದ ಟೀಚರ್ ಎಂದು ಎರಡನೇ ದಿನವೇ ಹೆಸರಿಟ್ಟು ಕೈತೊಳೆದುಕೊಂಡಿದ್ದರು.

ಮೊದಲ ಆರು ತಿಂಗಳು ಒಂದೇ ಒಲೆಯ ಮುಂದೆ ಇಬ್ಬರು ವಾರಗಿತ್ತಿಯರನ್ನು ಬಿಟ್ಟ ಹಾಗಿತ್ತು. ಒಬ್ಬರಿಗೆ ಮೀಸೆ ಇತ್ತು, ಅಷ್ಟೇ ವ್ಯತ್ಯಾಸ. ಮೇಷ್ಟ್ರದು ಮೈದಾನದ ಆಚೆಗೂ ಕೇಳುವ ದನಿ. ಟೀಚರದು ಪಿಸುಮಾತು. ಅವರು ಭಾಗಾಕಾರ ಹೇಳುವಾಗ ಇವರು ಕೆಳಗೆ ಅದನ್ನೇ ಬೆಂಕಿಕಡ್ಡಿ ಜೋಡಿಸಿ ತೋರಿಸುತ್ತಿದ್ದರು.

"ನೀವು ಪಿಸುಗುಟ್ಟೋದು ನಿಲ್ಲಿಸಿದ್ರೆ ನಾನು ಲೆಕ್ಕ ಮುಗಿಸ್ತೀನಿ ಮೇಡಂ," ಎಂದರು ಮೇಷ್ಟ್ರು ಒಂದು ದಿನ.

"ನೀವು ನಡುನಡುವೆ ಉಸಿರು ಎಳ್ಕೊಂಡ್ರೆ ನನ್ನ ಮಕ್ಕಳಿಗೂ ಅದು ತಲೆಗೆ ಹೋಗುತ್ತೆ ಸಾರ್."

"ನನ್ನ ಮಕ್ಕಳು, ನಿಮ್ಮ ಮಕ್ಕಳು ಅಂತ ಪಾಲು ಮಾಡಬೇಡಿ ಅಂತ ತರಬೇತೀಲಿ ಹೇಳಿದವರು ನೀವೇ ಅಲ್ವಾ?"

ಆವತ್ತಿನಿಂದ ಒಂದು ಒಪ್ಪಂದವಾಯಿತು. ಗುರುವಾರ ಟೀಚರ್ ಬೋರ್ಡಿಗೆ, ಮೇಷ್ಟ್ರು ಸ್ಟೂಲಿಗೆ. ಆರಡಿ ಎತ್ತರದ ಮೇಷ್ಟ್ರು ಆ ಸ್ಟೂಲಿನ ಮೇಲೆ ಕೂತರೆ ಮೊಣಕಾಲು ಗಲ್ಲಕ್ಕೆ ತಾಗುತ್ತಿತ್ತು. ಮಕ್ಕಳು ಆ ನೋಟಕ್ಕಾಗಿಯೇ ಗುರುವಾರ ರಜೆ ಹಾಕುತ್ತಿರಲಿಲ್ಲ.

ನಾಲ್ವರಲ್ಲಿ ಒಬ್ಬಳು ರೈಟಮ್ಮ. ವಯಸ್ಸು ಒಂಬತ್ತು. ಬರೆದ ಪ್ರತಿ ಸಾಲಿಗೂ ಪುಸ್ತಕ ಮುಂದೊಡ್ಡಿ "ಟೀಚರ್, ರೈಟು ಹಾಕಿ" ಎನ್ನುತ್ತಿದ್ದಳು. ಅಡ್ಡಹೆಸರಿಗೆ ಅಷ್ಟೇ ಸಾಕಾಯಿತು. ಈ ಶಾಲೆಗೆ ಸೇರಿದಾಗ ಅವಳಿಗೆ ಹತ್ತು ಹನ್ನೆರಡು ಪದ ಬರುತ್ತಿತ್ತು, ಅವುಗಳಲ್ಲಿ ಅರ್ಧ ತಿನ್ನುವ ಸಾಮಾನಿನವು. ಎರಡು ವರ್ಷದಲ್ಲಿ ಮಾತು ಎರಡೆರಡು ಪದ ಕೂಡಿಸುವಷ್ಟಾಗಿತ್ತು. ಆಟದಲ್ಲಿ ಜಗಳವಾಡುವುದನ್ನು, ಸೋತರೆ ಮುಖ ಊದಿಸಿಕೊಳ್ಳುವುದನ್ನು, ಪಕ್ಕದವಳ ಪೆನ್ಸಿಲ್ ಎತ್ತಿಟ್ಟುಕೊಂಡು ಏನೂ ಅರಿಯದವಳಂತೆ ಕೂರುವುದನ್ನು ಬೇರೆ ಮಕ್ಕಳಿಂದ ಕಲಿತಿದ್ದಳು. ಇವೆಲ್ಲ ಕಲಿಕೆಯೇ, ಯಾವ ವರದಿಯಲ್ಲಿ ಇವಕ್ಕೆ ಜಾಗವಿದೆಯೋ ಗೊತ್ತಿಲ್ಲ. ಓದನ್ನು ಮಾತ್ರ ಪಕ್ಕದ ಟೀಚರ್ ಕಲಿಸಿದ್ದರು. ಮೂರು ಚೀಟಿ ಇಟ್ಟು ಸರಿಯಾದ ಪದ ಯಾವುದೆಂದು ಕೇಳಿದರೆ ರೈಟಮ್ಮ ಹತ್ತರಲ್ಲಿ ಒಂಬತ್ತು ಸಲ ಸರಿಯಾದದ್ದನ್ನೇ ಎತ್ತುತ್ತಿದ್ದಳು. ಟೀಚರ್ ಇದನ್ನು ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದ್ದರು. ಸ್ವಂತ ಮಗಳು ಮೊದಲ ರ‍್ಯಾಂಕ್ ಬಂದಾಗಲೂ ಅವರು ಅಷ್ಟು ಹೇಳಿಕೊಂಡಿರಲಿಲ್ಲ.

ಒಂದು ಗುರುವಾರ ಸ್ಟೂಲಿನ ಮೇಲೆ ಮುದುಡಿ ಕೂತಿದ್ದ ಮೇಷ್ಟ್ರಿಗೆ ಒಂದು ವಿಷಯ ಕಣ್ಣಿಗೆ ಬಿತ್ತು. ಟೀಚರ್ ಬೋರ್ಡಿನ ಬಳಿ ನಿಂತು "ಬಾಗಿಲು ಅನ್ನೋ ಚೀಟಿ ಎಲ್ಲಿದೆ?" ಎಂದು ಕೇಳಿದರು. ರೈಟಮ್ಮನ ಕೈ ಮೊದಲ ಚೀಟಿಯ ಮೇಲೆ ಹೋಯಿತು, ನಿಧಾನವಾಗಿ ಎರಡನೆಯದಕ್ಕೆ ಸರಿಯಿತು, ಮೂರನೆಯದಕ್ಕೆ ಬಂದಾಗ ನಿಂತಿತು. ಅಷ್ಟು ಹೊತ್ತೂ ಅವಳ ಕಣ್ಣು ಚೀಟಿಯ ಕಡೆ ಇರಲೇ ಇಲ್ಲ. ಟೀಚರ ಮುಖದ ಮೇಲಿತ್ತು. ಮೂರನೇ ಚೀಟಿಗೆ ಕೈ ಬಂದ ಕ್ಷಣ ಟೀಚರ ಹುಬ್ಬು ಕೂದಲೆಳೆಯಷ್ಟು ಮೇಲೇರಿತ್ತು.

ಟೀಚರ್ ಬೋರ್ಡಿನ ಕಡೆ ತಿರುಗಿ ಬರೆಯತೊಡಗಿದಾಗ ಮೇಷ್ಟ್ರು ಹಾಜರಿ ಪುಸ್ತಕವನ್ನು ತಮ್ಮ ಮುಖಕ್ಕೆ ಅಡ್ಡ ಹಿಡಿದು ಅದೇ ಪ್ರಶ್ನೆ ಕೇಳಿದರು. ರೈಟಮ್ಮನ ಕೈ ಚೀಟಿಗಳ ಮೇಲೆ ಸುತ್ತಿತು. ಮತ್ತೆ ಸುತ್ತಿತು. ಎಲ್ಲಿಯೂ ನಿಲ್ಲಲಿಲ್ಲ.

ಮಧ್ಯಾಹ್ನ ಊಟದ ಹೊತ್ತಿಗೆ ಮೇಷ್ಟ್ರು ಸ್ಟಾಫ್ ರೂಮಿನಲ್ಲಿ ಟೀಚರ ಎದುರು ಬಂದು ಕೂತರು. ಹೇಗೆ ಶುರು ಮಾಡುವುದೆಂದು ತಿಳಿಯದೆ ಡಬ್ಬಿಯ ಮುಚ್ಚಳ ತೆಗೆದು ಹಾಕಿ ತೆಗೆದು ಹಾಕಿ ಮಾಡಿದರು.

"ಮೇಡಂ, ಬೇಜಾರು ಮಾಡ್ಕೋಬೇಡಿ. ಅವಳು ಓದ್ತಿರೋದು ಚೀಟಿ ಅಲ್ಲ. ನಿಮ್ಮ ಮುಖ."

ಟೀಚರಿಗೆ ರಪ್ಪನೆ ಕೆನ್ನೆಗೆ ಹೊಡೆಸಿಕೊಂಡಂತಾಯಿತು. "ನಿಮಗೆ ಮೊದಲಿಂದ್ಲೂ ಅವಳು ಈ ಕ್ಲಾಸಲ್ಲಿ ಇರೋದು ಇಷ್ಟ ಇಲ್ಲ."

"ಇಷ್ಟ ಇಲ್ದಿದ್ರೆ ಬಾಯಿ ಮುಚ್ಕೊಂಡು ಇರ್ತಿದ್ದೆ. ನೀವೇ ನೋಡಿ."

ಟೀಚರ್ ನೋಡಿದರು. ಮರುದಿನ ರೈಟಮ್ಮನಿಗೆ ಬೆನ್ನು ಮಾಡಿ ನಿಂತು ಹತ್ತು ಪ್ರಶ್ನೆ ಕೇಳಿದರು, ಒಂದು ಸರಿಯಾಯಿತು. ತಿರುಗಿ ನಿಂತು ಕೇಳಿದರು, ಹತ್ತೂ ಸರಿ. ಎರಡು ವರ್ಷದ ಪುಸ್ತಕಗಳನ್ನು ಬೀರುವಿನಿಂದ ತೆಗೆದು ಮುಂದೆ ಹರಡಿಕೊಂಡರು. ಪುಟಪುಟಕ್ಕೂ ಅವರೇ ಹಾಕಿದ ಕೆಂಪು ರೈಟು. ಅಷ್ಟೂ ತಮ್ಮ ಹುಬ್ಬಿಗೆ ತಾವೇ ಹಾಕಿಕೊಂಡ ರೈಟು. ಮಗುವಿನದು ಏನೂ ತಪ್ಪಿರಲಿಲ್ಲ. ಇದನ್ನೇ ಓದು ಎನ್ನುತ್ತಾರೆ ಎಂದು ಅವಳು ತಿಳಿದಿದ್ದಳು, ಅದರಲ್ಲಿ ಅವಳು ಎಲ್ಲರಿಗಿಂತ ಜಾಣೆಯೂ ಆಗಿದ್ದಳು.

ಅದೇ ವಾರ ಕಾಗದವೊಂದು ಬಂತು. ಏಳು ವಾರದ ನಂತರ ಹೊರಗಿನ ಪರೀಕ್ಷಕರು ಬಂದು ನಾಲ್ವರನ್ನೂ ನೋಡುತ್ತಾರೆ, ಯಾರು ಈ ತರಗತಿಯಲ್ಲಿ ಮುಂದುವರಿಯಬೇಕು, ಯಾರು ಊರಿನ ಆ ತುದಿಯ ಬೇರೆ ಶಾಲೆಗೆ ಹೋಗಬೇಕು ಎಂದು ನಿರ್ಧರಿಸುತ್ತಾರೆ. ನೋಡುವುದು ಎರಡೇ ವಿಷಯ. ಮಗು ನೆರವಿಲ್ಲದೆ ಓದಿ ಬರೆಯಬಲ್ಲದೇ? ತಾನು ಮಾಡಿದ್ದಕ್ಕೆ ಕಾರಣ ಹೇಳಬಲ್ಲದೇ? ಮೊದಲನೆಯದರ ಗತಿ ಟೀಚರಿಗೆ ಈಗ ತಿಳಿದಿತ್ತು. ಎರಡನೆಯದು ಇನ್ನೂ ದೂರದ ಮಾತು. ರೈಟಮ್ಮ ಏನು, ಎಲ್ಲಿ, ಯಾರು ಎಂಬುದಕ್ಕೆಲ್ಲ ಉತ್ತರ ಕೊಡುತ್ತಿದ್ದಳು. ಯಾಕೆ ಎಂದರೆ ಮಾತ್ರ ತುಟಿ ಬಿಗಿದು ನೆಲ ನೋಡುತ್ತಿದ್ದಳು. ಯಾಕೆ ಎಂಬುದು ಬೈಗುಳವೆಂದು ಅವಳು ತಿಳಿದಿದ್ದಳೋ ಏನೋ. ಎಷ್ಟೋ ಮನೆಗಳಲ್ಲಿ ಅದು ಬೈಗುಳವೇ ತಾನೆ.

ಅವಳ ಅಮ್ಮ ಟೈಲರ್ ಅಂಗಡಿಯಲ್ಲಿ ಕೆಲಸಕ್ಕಿದ್ದರು. ಕಾಗದ ಓದಿ ಹೇಳಿದಾಗ ಬಟ್ಟೆಗೆ ಅಂಟಿದ ದಾರದ ಚೂರುಗಳನ್ನು ಒಂದೊಂದೇ ಕೀಳುತ್ತಾ ಕೂತರು.

"ಆ ಶಾಲೆ ಕೆಟ್ಟದ್ದು ಅಂತಲ್ಲ ಮೇಡಂ. ಮೊದ್ಲು ಅಲ್ಲೇ ಇದ್ಲಲ್ಲ. ಎಲ್ಲರೂ ಒಳ್ಳೆಯವರೇ. ಆದ್ರೆ ಅಲ್ಲಿ ಇವಳ ಹತ್ರ ಜಗಳ ಆಡೋರು ಯಾರೂ ಇರ್ಲಿಲ್ಲ. ಇಲ್ಲಿಗೆ ಬಂದ್ಮೇಲೇ ಬಾಯಿ ಬಂದಿದ್ದು. ಹೇಗಾದ್ರೂ ಮಾಡಿ ಇಲ್ಲೇ ಉಳಿಸ್ಕೊಳ್ಳಿ."

"ಉಳಿಸ್ಕೋತೀನಮ್ಮ," ಎಂದುಬಿಟ್ಟರು ಟೀಚರ್. ಮಾತು ಕೊಡುವಾಗ ನಾಲಿಗೆ ಮನಸ್ಸನ್ನು ಕೇಳುವುದಿಲ್ಲ.

ಆ ಸಂಜೆ ಅವರು ರೈಟಮ್ಮನ ಕಡತದಲ್ಲಿ ಒಂದು ಪುಟ ಬರೆದರು. ಈವರೆಗಿನ ಅಂಕಗಳನ್ನು ನಂಬಬಾರದು, ಮಗು ನನ್ನ ಮುಖದ ಸೂಚನೆ ನೋಡಿ ಉತ್ತರಿಸುತ್ತಿತ್ತು, ತಪ್ಪು ನನ್ನದು ಎಂದು ಬರೆದು ಸಹಿ ಹಾಕಿದರು. ಮೇಷ್ಟ್ರು ತಲೆ ಚಚ್ಚಿಕೊಂಡರು. "ಹರಿಶ್ಚಂದ್ರನ ತಂಗಿ ನೀವು! ನಾನು ನಿಮಗೆ ಹೇಳಿದ್ದು ತಿದ್ಕೊಳ್ಳೋಕೆ. ಡಂಗುರ ಹೊಡೀರಿ ಅಂದ್ನಾ?"

"ಸುಳ್ಳು ಇಟ್ಕೊಂಡು ಯಾವ ಮುಖದಲ್ಲಿ ಅವಳ ಪಕ್ಕ ಕೂರ್ಲಿ ಸಾರ್?"

ಮೇಷ್ಟ್ರೂ ಕೈಬಿಡುವ ಪೈಕಿ ಅಲ್ಲ. ದಿನಾ ಸಂಜೆ ಸ್ಟಾಫ್ ರೂಮಿನಲ್ಲಿ ಟೀಚರನ್ನು ಎದುರಿಗೆ ಕೂರಿಸಿಕೊಂಡು ಮುಖದಲ್ಲಿ ಏನೂ ತೋರಗೊಡದಿರುವುದನ್ನು ಹೇಳಿಕೊಟ್ಟರು. ಶಾಲೆಯ ಹಳೇ ಪ್ರಸಂಗಗಳನ್ನೆಲ್ಲ ತೆಗೆದರು. ಇನ್ಸ್‌ಪೆಕ್ಟರ್ ಬಂದ ದಿನ ತಾವು ಎಡಗಾಲಿಗೊಂದು ಬಲಗಾಲಿಗೊಂದು ಬೇರೆ ಬೇರೆ ಚಪ್ಪಲಿ ಹಾಕಿಕೊಂಡು ಬಂದದ್ದನ್ನು ನಟಿಸಿ ತೋರಿಸಿದರು. ಟೀಚರ್ ನಗಬಾರದು, ಹುಬ್ಬು ಎತ್ತಬಾರದು, ಉಸಿರು ಬಿಗಿಹಿಡಿಯಬಾರದು.

"ಅದು ಗಂಟು ಮುಖ. ಗಂಟು ಬೇಡ. ಖಾಲಿ ಮುಖ ಮಾಡಿ. ಬ್ಯಾಂಕಲ್ಲಿ ಕೌಂಟರ್ ಹಿಂದೆ ಕೂತಿರ್ತಾರಲ್ಲ, ಹಾಗೆ."

ಹತ್ತು ದಿನದಲ್ಲಿ ಟೀಚರಿಗೆ ಖಾಲಿ ಮುಖ ಕೈವಶವಾಯಿತು. ಅದನ್ನು ಹೊತ್ತುಕೊಂಡು ಹೋಗಿ ರೈಟಮ್ಮನ ಪಕ್ಕ ಕೂತರು.

ಆ ಮಗುವಿನ ಪಾಡು ನೋಡಲಾಗುತ್ತಿರಲಿಲ್ಲ. ಚೀಟಿಗಳ ಮೇಲೆ ಕೈಯಾಡಿಸುತ್ತಾ ಟೀಚರ ಮುಖದಲ್ಲಿ ಹುಡುಕುತ್ತಿದ್ದಳು. ಕಣ್ಣಲ್ಲಿ ನೋಡಿದಳು, ಬಾಯಲ್ಲಿ ನೋಡಿದಳು, ಬಗ್ಗಿ ಕೆಳಗಿನಿಂದ ನೋಡಿದಳು. ಕೊನೆಗೆ ಕೈ ಕೆಳಗಿಟ್ಟು ಕೇಳಿದಳು: "ಟೀಚರ್ ಕೋಪ?"

"ಇಲ್ಲ ಕಂದ. ಕೋಪ ಇಲ್ಲ." ಆದರೆ ಅದನ್ನು ಹೇಳಿದ್ದೂ ಆ ಖಾಲಿ ಮುಖವೇ.

ರೈಟಮ್ಮ ನಂಬಲಿಲ್ಲ. ಎರಡು ತೋರುಬೆರಳುಗಳನ್ನು ಟೀಚರ ತುಟಿಯ ಎರಡು ತುದಿಗಿಟ್ಟು ಮೇಲಕ್ಕೆ ಎತ್ತಿದಳು. ಬೆರಳು ತೆಗೆದಾಗ ತುಟಿ ಮತ್ತೆ ಇಳಿಯಿತು. ಟೀಚರ್ ಎದ್ದು ಹೋಗಿ ಬಾತ್‌ರೂಮಿನ ಬಾಗಿಲು ಹಾಕಿಕೊಂಡು ನಲ್ಲಿ ಬಿಟ್ಟು ಅತ್ತರು. ಕಲಿಸುವವರ ಕರುಳಿಗೆ ಇಂಥ ಶಿಕ್ಷೆ ಯಾರೂ ಕೊಡಬಾರದು. ಪ್ರೀತಿಯನ್ನು ಮುಖದಿಂದ ಒರೆಸಿಕೊಂಡು ಹೋಗಿ ಕೂರುವುದು ಹೇಗೆ ಎಂದು ಯಾವ ತರಬೇತಿಯಲ್ಲೂ ಹೇಳಿಕೊಟ್ಟಿರಲಿಲ್ಲ.

ಮೂರು ವಾರ ಹೀಗೇ ಹೋಯಿತು. ಕಾಗದ ಬಂದ ಐದನೇ ವಾರದಲ್ಲೊಂದು ದಿನ ರೈಟಮ್ಮ ಟೀಚರ ಮುಖ ನೋಡಿ, ಅಲ್ಲಿ ಏನೂ ಸಿಗದೆ, ಮುದುಕಿಯ ಹಾಗೆ ಒಂದು ನಿಟ್ಟುಸಿರು ಬಿಟ್ಟು, ತಲೆ ತಗ್ಗಿಸಿ ಚೀಟಿ ನೋಡಿದಳು. ಅಕ್ಷರದ ಕೆಳಗೆ ಬೆರಳಿಟ್ಟಳು. "ಮ... ರ," ಎಂದಳು. ಬೋರ್ಡಿನ ಮುಂದೆ ಮೇಷ್ಟ್ರ ಮಾತು ಅರ್ಧಕ್ಕೆ ನಿಂತಿತು. ಟೀಚರ್ ಸ್ಟೂಲಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಮುಖ ಕಾಪಾಡಿಕೊಂಡರು. ಏಳನೇ ವಾರದ ಹೊತ್ತಿಗೆ ಹತ್ತಕ್ಕೆ ಆರು ಪದ ಅವಳದೇ ಆಗಿದ್ದವು, ಯಾರ ಹುಬ್ಬಿನದೂ ಅಲ್ಲ. ಸಣ್ಣ ವಾಕ್ಯಗಳನ್ನೂ ತಡವರಿಸುತ್ತಾ ಓದುತ್ತಿದ್ದಳು. ಯಾಕೆ ಎಂಬುದಕ್ಕೆ ಮಾತ್ರ ಇನ್ನೂ ಬಾಯಿ ಬಿಟ್ಟಿರಲಿಲ್ಲ.

ಪರೀಕ್ಷೆ ನಡೆದದ್ದು ಲೈಬ್ರರಿಯ ಕೋಣೆಯಲ್ಲಿ. ಉದ್ದ ಮೇಜಿನ ಒಂದು ಕಡೆ ಪರೀಕ್ಷಕಿ, ತಲೆ ಪೂರ್ತಿ ನರೆತ, ಮೆತ್ತನೆಯ ಮಾತಿನ ಹೆಂಗಸು. ಎದುರಿಗೆ ರೈಟಮ್ಮ. ಕಿಟಕಿಯ ಬಳಿ ಹೆಡ್ ಮೇಡಂ. ಮಗುವಿಗೆ ಗಾಬರಿಯಾಗದಿರಲೆಂದು ಪರಿಚಯದವರೊಬ್ಬರು ಹಿಂದೆ ಕೂರಬಹುದು, ಮಾತಾಡಬಾರದು ಎಂಬುದು ನಿಯಮ. ಹಾಗಾಗಿ ಪಕ್ಕದ ಟೀಚರ್ ಬಾಗಿಲ ಬಳಿ, ರೈಟಮ್ಮನ ಬೆನ್ನ ಹಿಂದೆ ಕೂತಿದ್ದರು. ಅಮ್ಮ ಹೊರಗೆ ಕಾರಿಡಾರಿನ ಬೆಂಚಿನ ಮೇಲಿದ್ದರು.

ಒಳಗೆ ಹೋಗುವ ಮುಂಚೆ ಮೇಷ್ಟ್ರು ಟೀಚರನ್ನು ಪಕ್ಕಕ್ಕೆ ಕರೆದಿದ್ದರು. "ಮೇಡಂ, ಒಂದೇ ಒಂದ್ಸಲ. ಕುರ್ಚಿ ಸ್ವಲ್ಪ ಮುಂದೆ ಎಳ್ಕೊಂಡು, ಅವಳಿಗೆ ಕಾಣೋ ಹಾಗೆ ಕೂತ್ಕೊಳ್ಳಿ. ಹುಬ್ಬು ಎತ್ತಿ. ಯಾರಿಗೆ ಗೊತ್ತಾಗುತ್ತೆ?"

"ನೀವಾ ಸಾರ್ ಈ ಮಾತು ಹೇಳ್ತಿರೋದು?"

"ನಾನೇ. ಬಾಯಿ ಬಿಟ್ಟು ಕೆಟ್ಟವನೂ ನಾನೇ ಅಲ್ವಾ." ಅವರ ಕಣ್ಣು ಕೆಂಪಾಗಿತ್ತು.

ಟೀಚರ್ ಕುರ್ಚಿ ಮುಂದೆ ಎಳೆದುಕೊಳ್ಳಲಿಲ್ಲ.

ಮೊದಲ ಪದಗಳು ಹೇಗೋ ಆದವು, ಅರ್ಧ ಸರಿ, ಅರ್ಧ ತಪ್ಪು. ಪರೀಕ್ಷಕಿ ಒಂದು ಹಾಳೆ ಮುಂದೆ ಸರಿಸಿದರು. ಅದರಲ್ಲಿ ಎರಡು ಸಾಲಿತ್ತು. "ಅಪ್ಪನ ಕೊಡೆ ಒದ್ದೆಯಾಗಿದೆ. ಹೊರಗೆ ಏನು ಬರುತ್ತಿದೆ?" ಕೆಳಗೆ ಖಾಲಿ ಜಾಗ. ಆಯ್ದುಕೊಳ್ಳಲು ಚೀಟಿಯಿಲ್ಲ. ಉತ್ತರ ಆ ಸಾಲುಗಳಲ್ಲಿಯೂ ಇಲ್ಲ, ಯೋಚಿಸಿ ತಾನೇ ಬರೆಯಬೇಕು. ಇಂಥದ್ದನ್ನು ಟೀಚರ್ ಅವಳಿಗೆ ಕೊಟ್ಟೇ ಇರಲಿಲ್ಲ. ಮುಗಿಯಿತು ಎಂದುಕೊಂಡರು.

ರೈಟಮ್ಮ ಬೆರಳಿಟ್ಟು ಓದಿದಳು. ಮತ್ತೊಮ್ಮೆ ಓದಿದಳು. ಕಿಟಕಿಯ ಕಡೆ ನೋಡಿದಳು, ಹೊರಗೆ ಬಿಸಿಲು ರಾಚುತ್ತಿತ್ತು. ಮತ್ತೆ ಹಾಳೆಯ ಮೇಲೆ ಬಗ್ಗಿ, ನಾಲಿಗೆ ಹೊರಗೆ ಚಾಚಿಕೊಂಡು, ಪೆನ್ಸಿಲ್ ಒತ್ತಿ ಒತ್ತಿ ದೊಡ್ಡದಾಗಿ ಬರೆದಳು. ಬಾಗಿಲ ಬಳಿಯಿಂದಲೂ ಕಾಣುವಷ್ಟು ದೊಡ್ಡದಾಗಿ. ಮಳೆ.

ಯಾರ ಮುಖದಲ್ಲೂ ಬರೆದಿರದ ಉತ್ತರ ಅದು. ಅವಳ ತಲೆಯೊಳಗೆ ಹುಟ್ಟಿ ಅವಳ ಕೈಯಿಂದ ಇಳಿದದ್ದು. ಟೀಚರ್ ಏಳು ವಾರ ಬಿಗಿಹಿಡಿದಿದ್ದದ್ದೆಲ್ಲ ಒಮ್ಮೆಲೇ ಕಿತ್ತುಕೊಂಡು ಬಂತು. ತುಟಿ ಅದುರಿತು, ಕಣ್ಣೀರು ಕೆನ್ನೆಗಿಳಿಯಿತು. ಹಲ್ಲು ಕಚ್ಚಿದರೂ ನಿಲ್ಲಲಿಲ್ಲ. ಅಷ್ಟರಲ್ಲಿ ರೈಟಮ್ಮ ತಿರುಗಿ ನೋಡಿದಳು.

ಒಂದು ಗಳಿಗೆ ಅವಳು ಆ ಮುಖವನ್ನೇ ನೋಡಿದಳು. ಇಷ್ಟು ದಿನ ಏನೂ ಹೇಳದಿದ್ದ ಮುಖ ಈಗ ಮತ್ತೆ ಮಾತಾಡುತ್ತಿತ್ತು. ಅಳುವ ಮುಖ ಸಂತೋಷದ್ದೂ ಇರಬಹುದೆಂದು ಅವಳಿಗೆ ಯಾರು ಹೇಳಿದ್ದರು? ಅವಳ ಮುಖ ಬಾಡಿತು. ಮೇಜಿನ ಕಡೆ ತಿರುಗಿ ರಬ್ಬರ್ ಎತ್ತಿಕೊಂಡು ಕಾಗದ ಹರಿದುಹೋಗುವ ಹಾಗೆ ಉಜ್ಜತೊಡಗಿದಳು.

ಟೀಚರ್ ಬೇಡ ಎನ್ನುವಂತೆ ಅರ್ಧ ಎದ್ದರು. ಹೆಡ್ ಮೇಡಂ ಕೈಸನ್ನೆ ಮಾಡಿ ಹೊರಗೆ ಹೋಗಿ ಎಂದರು. ಹೋಗದೆ ವಿಧಿಯಿರಲಿಲ್ಲ. ಬಾಗಿಲು ಮುಚ್ಚಿಕೊಳ್ಳುವಾಗ ಪರೀಕ್ಷಕಿ ಏನೋ ಕೇಳಿದ್ದು, ಮಗು ಏನೋ ಹೇಳಿದ್ದು ಕೇಳಿಸಿತು. ಏನೆಂದು ತಿಳಿಯಲಿಲ್ಲ.

ಒಂದು ಗಂಟೆಯ ನಂತರ ಹೆಡ್ ಮೇಡಂ ಕೋಣೆಯಲ್ಲಿ ಮೇಷ್ಟ್ರು, ಟೀಚರ್ ಇಬ್ಬರನ್ನೂ ಕೂರಿಸಿ ಪರೀಕ್ಷಕಿ ತೀರ್ಮಾನ ತಿಳಿಸಿದರು. ಬೇರೆ ಶಾಲೆ. ಮುಂದಿನ ಸೋಮವಾರದಿಂದ ಅಲ್ಲಿಯ ವ್ಯಾನು ಬರುತ್ತದೆ.

"ಅವಳು ಮಳೆ ಅಂತ ಬರೆದ್ಲು ಮೇಡಂ," ಎಂದರು ಟೀಚರ್. "ನಾನೇ ನೋಡ್ದೆ."

"ಬರೆದ್ಲು, ನಾನೂ ನೋಡ್ದೆ," ಎಂದರು ಪರೀಕ್ಷಕಿ. "ಆಮೇಲೆ ಅಳಿಸಿ ಗಾಳಿ ಅಂತ ಬರೆದ್ಲು. ಅದನ್ನೂ ಅಳಿಸಿದ್ಲು. ಗೊತ್ತಿದ್ದು ಬರೆದವಳು ಯಾಕಮ್ಮ ಅಳಿಸ್ತಾಳೆ?"

"ನನ್ನ ಮುಖ ನೋಡಿ. ನಾನು ಅಳ್ತಿದ್ದೆ. ತಪ್ಪಾಯ್ತು ಅನ್ಕೊಂಡ್ಲು."

"ಅದನ್ನೇ ನೀವು ಕಡತದಲ್ಲೂ ಬರ್ದಿದೀರಲ್ಲ, ನಿಮ್ಮ ಮುಖ ನೋಡಿ ಉತ್ತರ ಕೊಡ್ತಾಳೆ ಅಂತ." ಪರೀಕ್ಷಕಿಯ ದನಿಯಲ್ಲಿ ಚುಚ್ಚುವ ಉದ್ದೇಶವಿರಲಿಲ್ಲ. "ನೋಡಿ, ನಂಗೂ ಮನಸ್ಸು ಬರ್ತಿಲ್ಲ. ಕಾರಣ ಒಂದು ಹೇಳಿದ್ರೂ ಉಳಿಸ್ಬಹುದಿತ್ತು. ಮೂರು ಸಲ ಕೇಳ್ದೆ. ಯಾಕೆ ಅಳಿಸ್ದೆ ಪುಟ್ಟಾ ಅಂತ. ಹೇಳಿದ್ದನ್ನೇ ಹೇಳ್ತಾಳೆ." ಹಾಳೆ ಎತ್ತಿ ಓದಿದರು. "ಬರೆದದ್ದನ್ನು ಅಳಿಸಿದ ಕಾರಣ ಕೇಳಿದಾಗ, 'ಅಳಿಸಿದೆ, ಅದಕ್ಕೇ ಅಳಿಸಿದೆ' ಎಂದಳು. ಅರ್ಥವಿಲ್ಲದ ಪುನರಾವರ್ತನೆ. ಕಾರಣ ಹೇಳಲಾರಳು."

ಮೇಷ್ಟ್ರು ಕುರ್ಚಿಯಿಂದ ಎದ್ದು ನಿಂತರು.

"ಇನ್ನೊಂದ್ಸಲ ಓದಿ," ಎಂದರು ಟೀಚರ್.

ಪರೀಕ್ಷಕಿ ಓದಿದರು. ಅಳಿಸಿದೆ, ಅದಕ್ಕೇ ಅಳಿಸಿದೆ.

"ಅದು ಪುನರಾವರ್ತನೆ ಅಲ್ಲ ಮೇಡಂ," ಎಂದರು ಟೀಚರ್. "ಮೊದಲ್ನೇದು ನನ್ನ. ಟೀಚರನ್ನ ಅಳಿಸಿದೆ. ಎರಡ್ನೇದು ಬರೆದಿದ್ದನ್ನ. ಟೀಚರನ್ನ ಅಳಿಸ್ಬಿಟ್ಟೆ, ಅದಕ್ಕೇ ಬರೆದಿದ್ದು ಅಳಿಸ್ದೆ. ಅವಳು ಕಾರಣ ಹೇಳಿದಾಳೆ. ಹುಟ್ಟಿದಾಗಿಂದ ಮೊದಲ್ನೇ ಸಲ."

ಪರೀಕ್ಷಕಿ ತಮ್ಮ ಕೈಬರಹವನ್ನೇ ದಿಟ್ಟಿಸಿದರು. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು.

"ಇರಬಹುದು," ಎಂದರು ಕೊನೆಗೆ. "ಇಲ್ಲದೇನೂ ಇರಬಹುದು. ನಿಮಗೆ ಅವಳ ಮೇಲೆ ಪ್ರೀತಿ, ನಿಮಗೆ ಹಾಗೆ ಕೇಳ್ಸುತ್ತೆ. ನಾನು ಕೇಳಿಸಿದ್ದನ್ನ ಬರೀಬೇಕು. ಅಲ್ಲದೆ ನೀವು ಅತ್ತಿದ್ದಕ್ಕೆ ಉತ್ತರ ಬದಲಾಯಿಸಿದ್ರೆ, ಅದನ್ನ ನೆರವಿಲ್ಲದೆ ಮಾಡಿದ್ಲು ಅಂತ ಹೇಗೆ ಬರೀಲಿ?"

ಮೇಷ್ಟ್ರು ಜಗಳ ತೆಗೆದರು. ದೊಡ್ಡ ದನಿಯಲ್ಲಿ, ಮೈದಾನಕ್ಕೂ ಕೇಳುವ ಹಾಗೆ, ಮತ್ತೊಮ್ಮೆ ಕರೆದು ಕೇಳಿ ಎಂದರು. ನಿಯಮದಲ್ಲಿ ಎರಡನೇ ಸಲವಿಲ್ಲ ಎಂದರು ಹೆಡ್ ಮೇಡಂ, ನೆಲ ನೋಡುತ್ತಾ. ಟೀಚರ್ ಎದ್ದು ಹೊರಗೆ ಬಂದರು.

ಬೆಂಚಿನ ಮೇಲೆ ಅಮ್ಮ, ಪಕ್ಕದಲ್ಲಿ ಕಾಲಾಡಿಸುತ್ತಾ ರೈಟಮ್ಮ. ಟೀಚರ್ ಎಲ್ಲವನ್ನೂ ಹೇಳಿದರು. ಒಂದನ್ನೂ ಮುಚ್ಚಿಡಲಿಲ್ಲ. ನಿಮ್ಮ ಮಗಳಿಗೆ ಗೊತ್ತಿತ್ತು, ಸರಿಯಾಗಿಯೇ ಬರೆದಳು, ಕೆಡಿಸಿದವಳು ನಾನು ಎಂದರು. ಅಮ್ಮ ಬೈಯಲಿಲ್ಲ. ಬೈದಿದ್ದರೆ ಟೀಚರಿಗೆ ಎಷ್ಟೋ ಹಗುರವಾಗುತ್ತಿತ್ತು.

"ಒಂಬತ್ತು ವರ್ಷದಿಂದ ಕಾಯ್ತಿದ್ದೆ ಮೇಡಂ, ಯಾಕೆ ಅಂದ್ರೆ ಏನಾದ್ರೂ ಒಂದು ಅಂತಾಳಾ ಅಂತ," ಎಂದರು. "ಅಂದಾಗ ನಾನೂ ಒಳಗಿರ್ಲಿಲ್ಲ, ನೀವೂ ಇರ್ಲಿಲ್ಲ."

ಇಬ್ಬರೂ ಅಳುತ್ತಿದ್ದರು. ರೈಟಮ್ಮ ಬೆಂಚಿನಿಂದ ಇಳಿದು ಅಮ್ಮನ ಮುಖ ನೋಡಿದಳು, ಟೀಚರ ಮುಖ ನೋಡಿದಳು. ಟೀಚರ್ ನಗಲು ನೋಡಿದರು. ಖಾಲಿ ಮುಖವನ್ನಾದರೂ ತಂದುಕೊಳ್ಳಲು ನೋಡಿದರು. ಎರಡೂ ಬರಲಿಲ್ಲ.

"ಮತ್ತೆ ಅಳಿಸ್ದೆ," ಎಂದಳು ರೈಟಮ್ಮ.

ಅಮ್ಮನ ಕೈ ಹಿಡಿದು ಎಳೆದಳು. ಅಲ್ಲ ಕಂದ, ಅಲ್ಲ, ಎಂದು ಟೀಚರ್ ಹಿಂದಿನಿಂದ ಕೂಗಿದರು. ಬೈಸಿಕೊಳ್ಳುವ ಮೊದಲೇ ಜಾಗ ಖಾಲಿ ಮಾಡುವವಳ ಹಾಗೆ ಅವಳು ಬೇಗ ಬೇಗ ಕಾರಿಡಾರು ದಾಟಿ ಮೆಟ್ಟಿಲು ಇಳಿದಳು. ಎರಡು ವರ್ಷದಲ್ಲಿ ಮೊದಲ ಸಲ ಟೀಚರ ಮುಖವನ್ನು ತಿರುಗಿ ನೋಡಲಿಲ್ಲ.